ಒಂದೊಂದು ಕಮಾಂಡ್ ಒಂದೊಂದು ಪಟ್ಟಿ ಕೊಡುತ್ತಿದೆ, ಕಂಪ್ಯೂಟರ್ ಒಳಗಿರುವ ಹಾರ್ಡ್‌ವೇರ್ ಎಲ್ಲವನ್ನೂ ಟರ್ಮಿನಲ್‌ನಲ್ಲಿ ನೋಡೋದು ಹೇಗೆ?

ಬರೀಟರ್ಮಿನಲ್ ಕೇಳಿದ್ದು:

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದು ಕೈಗೆ ಬಂದಿದೆ. ಡೆಸ್ಕ್‌ಟಾಪ್ ಏನೂ ಹಾಕದೆ ಬರೀ ಲಿನಕ್ಸ್ ಇನ್‌ಸ್ಟಾಲ್ ಮಾಡಿದ್ದೇನೆ. ಆನ್ ಮಾಡಿದರೆ ಕಪ್ಪು ಪರದೆ, ಲಾಗಿನ್, ಅಷ್ಟೇ. ಒಳಗೆ ಏನೇನಿದೆ ಅಂತ ಕಮಾಂಡ್ ಹೊಡೆದೇ ತಿಳಿಯಬೇಕು.

ಅಲ್ಲಿ ಇಲ್ಲಿ ಓದಿದ ಕಮಾಂಡ್‌ಗಳನ್ನೆಲ್ಲ ಓಡಿಸಿ ನೋಡಿದೆ. ಎಲ್‌ಎಸ್‌ಪಿಸಿಐ ಕೊಟ್ಟರೆ ಉದ್ದದ ಪಟ್ಟಿ ಬರುತ್ತದೆ, ಆದರೆ ಅದರಲ್ಲಿ ಕ್ಯಾಮೆರಾನೂ ಇಲ್ಲ, ಟಚ್‌ಪ್ಯಾಡೂ ಇಲ್ಲ. ಎಲ್‌ಎಸ್‌ಯುಎಸ್‌ಬಿ ಕೊಟ್ಟರೆ ಕ್ಯಾಮೆರಾ ಕಾಣುತ್ತದೆ, ಬ್ಲೂಟೂತ್ ಕಾಣುತ್ತದೆ, ವೈಫೈ ಇಲ್ಲ. ಎಲ್‌ಎಸ್‌ಎಚ್‌ಡಬ್ಲ್ಯು ಮಾತ್ರ ಪುಟಗಟ್ಟಲೆ ಸುರಿಯುತ್ತದೆ, ಅದರ ನಡುವೆ ಎಲ್ಲೋ ನೆಟ್‌ವರ್ಕ್ ಅಂತ ಬರೆದು ಪಕ್ಕದಲ್ಲಿ ಅನ್‌ಕ್ಲೇಮ್ಡ್ ಅಂತ ಇದೆ. ವೈಫೈ ಅಂತೂ ಕೆಲಸ ಮಾಡುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ಥರ ಎಲ್ಲವನ್ನೂ ಒಟ್ಟಿಗೆ ತೋರಿಸುವ ಒಂದೇ ಕಮಾಂಡ್ ಇದೆಯಾ? ಹಾಗೇ ಇನ್ನೊಂದು: ಮಾರಿದವರು 8 ಜಿಬಿ ರ್‍ಯಾಮ್ ಅಂದರು, ಫ್ರೀ ಕಮಾಂಡ್ 7.6 ಅನ್ನುತ್ತದೆ. ಇನ್ನೊಂದು ಸ್ಲಾಟ್ ಖಾಲಿ ಇದೆಯಾ ಅಂತ ಸ್ಕ್ರೂ ಬಿಚ್ಚದೆ ನೋಡೋಕೆ ಆಗುತ್ತಾ?

ಹಳೇಕರ್ನೆಲ್ ಉತ್ತರ:

ಎಲ್ಲವನ್ನೂ ಒಂದೂ ಬಿಡದೆ ಹೇಳುವ ಒಂದೇ ಕಮಾಂಡ್ ಇಲ್ಲ, ಅದನ್ನು ಹುಡುಕುತ್ತಾ ಕೂರಬೇಡಿ. ನಿಮ್ಮ ಕಮಾಂಡ್‌ಗಳು ಯಾವುದೂ ಸುಳ್ಳು ಹೇಳುತ್ತಿಲ್ಲ. ಒಂದೊಂದೂ ಒಂದೊಂದು ಬಸ್ ಅನ್ನು, ಅಂದರೆ ಸಾಧನಗಳನ್ನು ಕಂಪ್ಯೂಟರಿಗೆ ಸೇರಿಸುವ ಒಂದೊಂದು ದಾರಿಯನ್ನು, ಮಾತ್ರ ಕೇಳಿ ಬರುತ್ತದೆ. ಹಾಗಾಗಿ "ಎಲ್ಲ ತೋರಿಸು" ಅನ್ನೋದಕ್ಕಿಂತ "ಈ ಸಾಧನ ಯಾವ ಬಸ್ ಮೇಲೆ ಕೂತಿದೆ" ಅಂತ ಕೇಳಿಕೊಂಡರೆ ಕೆಲಸ ಬೇಗ ಆಗುತ್ತದೆ.

ಪಿಸಿಐ ಬಸ್‌ನಲ್ಲಿ ಪ್ರತಿ ಸಾಧನವೂ ತನ್ನ ಐಡಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಬೂಟ್ ಆಗುವಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಒಂದೊಂದೇ ವಿಳಾಸ ಕೂಗುತ್ತಾ ಹೋಗುತ್ತದೆ. ಅಲ್ಲಿ ಯಾರಾದರೂ ಇದ್ದರೆ ಕಂಪನಿಯ ನಂಬರ್ ವಾಪಸ್ ಬರುತ್ತದೆ, ಯಾರೂ ಇಲ್ಲದಿದ್ದರೆ ಎಫ್‌ಎಫ್‌ಎಫ್‌ಎಫ್ ಬರುತ್ತದೆ. ಎಲ್‌ಎಸ್‌ಪಿಸಿಐ ತೋರಿಸೋದು ಈ ಹಾಜರಿ ಪಟ್ಟಿಯನ್ನೇ. ಡ್ರೈವರ್ ಇರಲಿ ಬಿಡಲಿ, ಸಾಧನ ಜೀವಂತ ಇದ್ದರೆ ಅಲ್ಲಿ ಕಾಣುತ್ತದೆ. ಇದು ಮುಖ್ಯ. ಅಲ್ಲಿ ಕಂಡಿದೆ ಅಂದರೆ ಕಾರ್ಡ್ ಕೆಟ್ಟಿಲ್ಲ ಅಂತ ಹೆಚ್ಚುಕಡಿಮೆ ನಂಬಬಹುದು.

ಯುಎಸ್‌ಬಿಯೂ ಹಾಗೇ, ಚುಚ್ಚಿದ ತಕ್ಷಣ ಸಾಧನ ತಾನು ಯಾರು ಅಂತ ಹೇಳಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಕ್ಯಾಮೆರಾ ಪರದೆಯ ಮೇಲ್ಗಡೆ ಅಂಟಿಕೊಂಡಿದ್ದರೂ ಒಳಗೆ ಸಾಮಾನ್ಯವಾಗಿ ಯುಎಸ್‌ಬಿ ತಂತಿಯಲ್ಲೇ ಸೇರಿರುತ್ತದೆ, ಅದಕ್ಕೇ ಅದು ಎಲ್‌ಎಸ್‌ಯುಎಸ್‌ಬಿಯಲ್ಲಿ ಕಂಡದ್ದು.

ನಿಮಗೆ ಗಲಿಬಿಲಿ ಆಗಿರೋದು ವೈಫೈ ಮತ್ತು ಬ್ಲೂಟೂತ್ ವಿಷಯದಲ್ಲಿ. ಎರಡೂ ಒಂದೇ ಪುಟ್ಟ ಕಾರ್ಡಿನ ಮೇಲೆ ಇರುತ್ತವೆ. ಆದರೆ ಆ ಎಂ.2 ಸ್ಲಾಟ್‌ಗೆ ಪಿಸಿಐ ಎಕ್ಸ್‌ಪ್ರೆಸ್ ತಂತಿಗಳೂ ಬರುತ್ತವೆ, ಯುಎಸ್‌ಬಿ ತಂತಿಗಳೂ ಬರುತ್ತವೆ. ವೈಫೈ ಮೊದಲನೆಯದನ್ನು ಬಳಸುತ್ತದೆ, ಬ್ಲೂಟೂತ್ ಎರಡನೆಯದನ್ನು. ಒಂದೇ ಕಾರ್ಡ್, ಎರಡು ಪಟ್ಟಿಯಲ್ಲಿ ಅರ್ಧರ್ಧ. ಹಾಗಾಗಿ ನಿಮ್ಮ ವೈಫೈಯನ್ನು ಎಲ್‌ಎಸ್‌ಪಿಸಿಐನಲ್ಲೇ ಹುಡುಕಿ, ಹೀಗೆ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಎರಡು ಎನ್ ಕೊಟ್ಟರೆ ಹೆಸರಿನ ಜೊತೆ ನಂಬರೂ ಬರುತ್ತದೆ, ಕೆ ಕೊಟ್ಟರೆ ಡ್ರೈವರ್ ಬರುತ್ತದೆ. ಪ್ರತಿ ಸಾಲಿನ ಶುರುವಿನಲ್ಲಿ 02:00.0 ಥರ ಇರೋದು ವಿಳಾಸ: ಬಸ್, ಸಾಧನ, ಚುಕ್ಕೆಯ ನಂತರ ಫಂಕ್ಷನ್. ಆಮೇಲೆ ಚೌಕ ಆವರಣದಲ್ಲಿ ವರ್ಗದ ನಂಬರ್ ಬರುತ್ತದೆ, 0300 ಅಂದರೆ ಗ್ರಾಫಿಕ್ಸ್, 0200 ಅಂದರೆ ತಂತಿಯ ಈಥರ್ನೆಟ್, 0280 ಅಂದರೆ ಹೆಚ್ಚಿನ ಸಲ ವೈಫೈ. ಸಾಲಿನ ಕೊನೆಯಲ್ಲಿ ಕೋಲನ್ ಹಾಕಿ ಜೋಡಿಸಿದ ಎರಡು ನಂಬರ್ ಇರುತ್ತವಲ್ಲ, ಅದೇ ಸಾಧನದ ನಿಜವಾದ ಗುರುತು. ಮೊದಲನೆಯದು ಕಂಪನಿ, ಎರಡನೆಯದು ಮಾಡೆಲ್. ಇಂಟೆಲ್‌ಗೆ 8086 ಸಿಕ್ಕಿದೆ, 1978ರ ಅದರ ಚಿಪ್ಪಿನ ನಂಬರೇ ಅದು. ಎಎಂಡಿ ಗ್ರಾಫಿಕ್ಸ್ ಕಾರ್ಡ್ ಇವತ್ತಿಗೂ 1002 ಅಂತ ತೋರಿಸುತ್ತದೆ, ಅದು 2006ರಲ್ಲಿ ಎಎಂಡಿ ಕೊಂಡುಕೊಂಡ ಎಟಿಐ ಕಂಪನಿಯ ನಂಬರ್.

ಹೆಸರು ನೋಡಿ ಡ್ರೈವರ್ ಹುಡುಕಬೇಡಿ, ಈ ನಂಬರ್ ಹಾಕಿ ಹುಡುಕಿ. ಯಾಕೆಂದರೆ ಹೆಸರು ಸಾಧನದಿಂದ ಬರೋದಿಲ್ಲ, ನಿಮ್ಮ ಡಿಸ್ಕಿನಲ್ಲಿರುವ ಪಿಸಿಐ.ಐಡಿಎಸ್ ಅನ್ನೋ ಫೈಲಿನಿಂದ ಬರುತ್ತದೆ. ಫೈಲ್ ಹಳೆಯದಾದರೆ ಹೊಸ ಕಾರ್ಡಿಗೆ ಸುಮ್ನೆ "ಡಿವೈಸ್" ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. ಅಪ್‌ಡೇಟ್-ಪಿಸಿಐಐಡಿಎಸ್ ಓಡಿಸಿದರೆ ಹೊಸ ಫೈಲ್ ಇಳಿಯುತ್ತದೆ, ಅದಕ್ಕೆ ನೆಟ್ ಬೇಕು ಅನ್ನೋದು ಬೇರೆ ಮಾತು.

ನೆಟ್‌ವರ್ಕ್ ಸಾಲನ್ನೂ ಅದರ ಕೆಳಗಿನ ಎರಡು ಮೂರು ಸಾಲನ್ನೂ ಇಲ್ಲಿ ಹಾಕಿ, ನೋಡೋಣ.

ಶಾರ್ಟ್‌ಕಟ್ ಉತ್ತರ:

ಇಷ್ಟೆಲ್ಲ ಪುರಾಣ ಯಾಕೆ ಸರ್. ಇನ್‌ಕ್ಸಿ ಹಾಕಿಕೊಳ್ಳಲಿ, ಇನ್‌ಕ್ಸಿ -ಎಫ್‌ಎಕ್ಸ್‌ಝಡ್ ಅಂತ ಕೊಡಲಿ, ಎಫ್ ಮಾತ್ರ ದೊಡ್ಡಕ್ಷರ. ಸಿಪಿಯು, ಗ್ರಾಫಿಕ್ಸ್, ಆಡಿಯೊ, ನೆಟ್‌ವರ್ಕ್, ಡಿಸ್ಕ್, ಬ್ಯಾಟರಿ ಎಲ್ಲ ಒಂದೇ ಪರದೆಯಲ್ಲಿ ಬರುತ್ತದೆ. ಇಲ್ಲವಾದರೆ ಸುಡೊ ಎಲ್‌ಎಸ್‌ಎಚ್‌ಡಬ್ಲ್ಯು -ಶಾರ್ಟ್ ಕೊಡಲಿ, ಪುಟಗಟ್ಟಲೆ ಸುರಿಯೋದಿಲ್ಲ, ಒಂದು ಸಾಧನಕ್ಕೆ ಒಂದೇ ಸಾಲು.

ಹಳೇಕರ್ನೆಲ್ ಉತ್ತರ:

ಇನ್‌ಕ್ಸಿ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ವೈಫೈ ಇಲ್ಲದ ಮೆಷಿನ್‌ಗೆ ಅದನ್ನು ಇನ್‌ಸ್ಟಾಲ್ ಮಾಡೋದು ಹೇಗೆ? ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ ಅವರ ಹತ್ತಿರ ಆಗಲೇ ಇವೆ. ಎಲ್‌ಎಸ್‌ಸಿಪಿಯು ಮತ್ತು ಎಲ್‌ಎಸ್‌ಬಿಎಲ್‌ಕೆ ಕೂಡ ಬಹುತೇಕ ಎಲ್ಲ ಡಿಸ್ಟ್ರೋಗಳಲ್ಲೂ ಮೊದಲಿನಿಂದಲೇ ಇರುತ್ತವೆ.

ಇನ್ನೊಂದು ವಿಷಯ. ಈ ದೊಡ್ಡ ಟೂಲ್‌ಗಳು ತಮ್ಮದೇ ಜ್ಞಾನದಿಂದ ಏನೂ ಹೇಳೋದಿಲ್ಲ. ಇವು ನೋಡೋದು ಹೆಚ್ಚಾಗಿ ಕರ್ನೆಲ್‌ನ /ಸಿಸ್ ಮತ್ತು /ಪ್ರೊಕ್ ಫೋಲ್ಡರ್‌ಗಳನ್ನು. ಬೇಕಿದ್ದರೆ /ಸಿಸ್/ಬಸ್ ಒಳಗೆ ಹೋಗಿ ಎಲ್‌ಎಸ್ ಹೊಡೆದು ನೋಡಿ, ನಿಮ್ಮ ಮೆಷಿನ್‌ನಲ್ಲಿ ಯಾವ್ಯಾವ ಬಸ್ ಇವೆ ಅಂತ ಫೋಲ್ಡರ್ ರೂಪದಲ್ಲೇ ಕಾಣುತ್ತದೆ: ಪಿಸಿಐ, ಯುಎಸ್‌ಬಿ, ಐ2ಸಿ, ಎಸಿಪಿಐ, ಪ್ಲಾಟ್‌ಫಾರ್ಮ್, ಹೀಗೆ. ಯಾವ ಟೂಲೂ ಇಲ್ಲದ ರೆಸ್ಕ್ಯೂ ಶೆಲ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಇದೊಂದೇ ಗತಿ.

ಎಲ್‌ಎಸ್‌ಎಚ್‌ಡಬ್ಲ್ಯು ಬಗ್ಗೆ ನೀವು ಹೇಳಿದ್ದು ಸರಿ, ಶಾರ್ಟ್ ಕೊಟ್ಟರೆ ಓದೋಕೆ ಆಗುತ್ತದೆ. ಆದರೆ ಅನ್‌ಕ್ಲೇಮ್ಡ್ ಅನ್ನೋ ಸುಳಿವು ಕಾಣೋದು ಉದ್ದದ ರೂಪದಲ್ಲಿ. ಅದಕ್ಕೆ ಸುಡೊ ಎಲ್‌ಎಸ್‌ಎಚ್‌ಡಬ್ಲ್ಯು -ಕ್ಲಾಸ್ ನೆಟ್‌ವರ್ಕ್ ಅಂತ ಕೊಟ್ಟರೆ ಬೇಕಾದ ಭಾಗ ಮಾತ್ರ ಬರುತ್ತದೆ. ಸುಡೊ (ಅಡ್ಮಿನ್ ಹಕ್ಕಿನಲ್ಲಿ ಓಡಿಸು ಅಂತ ಹೇಳೋದು) ಮರೆಯಬಾರದು, ಇಲ್ಲದಿದ್ದರೆ ಪಟ್ಟಿ ಅರ್ಧಂಬರ್ಧ ಇರಬಹುದು ಅಂತ ಅದೇ ಎಚ್ಚರಿಸುತ್ತದೆ.

ಸ್ಲಾಟ್‌ಖಾಲಿ ಉತ್ತರ:

ರ್‍ಯಾಮ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ, ನಾನು ಹೇಳುತ್ತೇನೆ. 7.6 ನೋಡಿ ಮೋಸ ಹೋದೆ ಅಂದುಕೊಳ್ಳಬೇಡಿ. ಮದರ್‌ಬೋರ್ಡ್‌ನ ಫರ್ಮ್‌ವೇರ್ (ಹಾರ್ಡ್‌ವೇರ್ ಒಳಗೇ ಓಡುವ ಸಾಫ್ಟ್‌ವೇರ್), ಸಿಪಿಯು ಜೊತೆ ಬರುವ ಗ್ರಾಫಿಕ್ಸ್, ಕರ್ನೆಲ್ ಇವೆಲ್ಲ ತಮ್ಮ ಪಾಲು ಎತ್ತಿಟ್ಟುಕೊಂಡ ಮೇಲೆ ಉಳಿದದ್ದನ್ನು ಫ್ರೀ ತೋರಿಸುತ್ತದೆ. 8 ಜಿಬಿ ಹಾಕಿದ ಮೆಷಿನ್‌ನಲ್ಲಿ ಅಷ್ಟು ಕಾಣೋದು ಮಾಮೂಲಿ.

ಸ್ಲಾಟ್ ನೋಡೋಕೆ ಹೀಗೆ ಕೊಡಿ:

ಸುಡೊ ಡಿಎಂಐಡಿಕೋಡ್ -ಟಿ 17

ಒಂದೊಂದು ಸ್ಲಾಟ್‌ಗೂ ಒಂದೊಂದು ತುಂಡು ಬರುತ್ತದೆ. ಸೈಜ್ ಅನ್ನೋ ಕಡೆ 8 ಜಿಬಿ ಅಂತ ಇದ್ದರೆ ತುಂಬಿದೆ, "ನೋ ಮಾಡ್ಯೂಲ್ ಇನ್‌ಸ್ಟಾಲ್ಡ್" ಅಂತ ಇದ್ದರೆ ಖಾಲಿ. ಅಲ್ಲೇ ಫಾರ್ಮ್ ಫ್ಯಾಕ್ಟರ್ ಸಾಲನ್ನೂ ಓದಿ. ಎಸ್‌ಒಡಿಐಎಂಎಂ ಅಂತ ಇದ್ದರೆ ತೆಗೆದು ಹಾಕುವ ಕಡ್ಡಿ. "ರೋ ಆಫ್ ಚಿಪ್ಸ್" ಅಂತ ಇದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಅಂತ ಅರ್ಥ, ಅದನ್ನು ಬದಲಾಯಿಸುವ ಆಸೆ ಬಿಟ್ಟುಬಿಡಿ. ಸ್ಪೀಡ್ ಮತ್ತು ಕಾನ್ಫಿಗರ್ಡ್ ಮೆಮೊರಿ ಸ್ಪೀಡ್ ಅಂತ ಎರಡು ಸಾಲು ಇರುತ್ತವೆ, ಎರಡನೆಯದು ಈಗ ನಿಜವಾಗಿ ಓಡುತ್ತಿರುವ ವೇಗ.

ಆದರೆ ಒಂದು ಮಾತು. ಇಲ್ಲಿ ಹಾರ್ಡ್‌ವೇರ್ ಅನ್ನು ಯಾರೂ ನೇರವಾಗಿ ಕೇಳುತ್ತಿಲ್ಲ. ಬಯೋಸ್ ಬರೆದಿಟ್ಟ ಒಂದು ಕೋಷ್ಟಕವನ್ನು ಈ ಕಮಾಂಡ್ ಓದಿ ಹೇಳುತ್ತದೆ, ಅಷ್ಟೇ. ಬರೆದವರು ಸೋಮಾರಿಯಾಗಿದ್ದರೆ ಸೀರಿಯಲ್ ನಂಬರ್ ಇರಬೇಕಾದ ಜಾಗದಲ್ಲಿ "ಟು ಬಿ ಫಿಲ್ಡ್ ಬೈ ಒ.ಇ.ಎಂ." ಅಂತಲೇ ಉಳಿದಿರುತ್ತದೆ, ಬೇಕಾದಷ್ಟು ಬೋರ್ಡ್‌ಗಳಲ್ಲಿ ಇದನ್ನು ನೋಡಬಹುದು. ಈ ಕೋಷ್ಟಕಗಳನ್ನು ಪೂರ್ತಿ ನಂಬಬೇಡಿ ಅಂತ ಆ ಕಮಾಂಡಿನ ಮ್ಯಾನುಯಲ್ ಪುಟವೇ ಹೇಳುತ್ತದೆ. -ಟಿ 16 ಕೊಟ್ಟರೆ "ಮ್ಯಾಕ್ಸಿಮಮ್ ಕೆಪ್ಯಾಸಿಟಿ" ಅಂತ ಬರುತ್ತದಲ್ಲ, ಅದನ್ನೊಂದೇ ನೋಡಿ ರ್‍ಯಾಮ್ ಕೊಳ್ಳೋಕೆ ಹೋಗಬೇಡಿ. ಮದರ್‌ಬೋರ್ಡ್ ಅಥವಾ ಸಿಪಿಯು ಮಾಡಿದವರ ಪುಟದಲ್ಲಿ ಎಷ್ಟು ಹಿಡಿಸುತ್ತದೆ ಅಂತ ನೋಡಿಕೊಂಡೇ ತಗೊಳ್ಳಿ.

ಬರೀಟರ್ಮಿನಲ್ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸ್ಲಾಟ್ ಇವೆ, ಒಂದು ಖಾಲಿ, ಎರಡೂ ಎಸ್‌ಒಡಿಐಎಂಎಂ! ಅದು ಮುಗಿಯಿತು. ಎಲ್‌ಎಸ್‌ಪಿಸಿಐನಲ್ಲಿ ನೆಟ್‌ವರ್ಕ್ ಭಾಗ ಹೀಗಿದೆ:

02:00.0 ನೆಟ್‌ವರ್ಕ್ ಕಂಟ್ರೋಲರ್ [0280]: ರಿಯಲ್‌ಟೆಕ್ ಆರ್‌ಟಿಎಲ್8821ಸಿಇ 802.11ಎಸಿ ಪಿಸಿಐಇ ವೈರ್‌ಲೆಸ್ ನೆಟ್‌ವರ್ಕ್ ಅಡಾಪ್ಟರ್ [10ಇಸಿ:ಸಿ821]
ಕರ್ನೆಲ್ ಮಾಡ್ಯೂಲ್ಸ್: ಆರ್‌ಟಿಡಬ್ಲ್ಯು88_8821ಸಿಇ

ಸಬ್‌ಸಿಸ್ಟಮ್ ಸಾಲು ಬಿಟ್ಟಿದ್ದೇನೆ. ಮಾಡ್ಯೂಲ್ ಇದೆ ಅಂತಿದೆಯಲ್ಲ, ಮತ್ತೆ ಯಾಕೆ ಓಡುತ್ತಿಲ್ಲ?

ಹಳೇಕರ್ನೆಲ್ ಉತ್ತರ:

ಇರುವ ಸಾಲಿಗಿಂತ ಇಲ್ಲದ ಸಾಲು ಇಲ್ಲಿ ಜಾಸ್ತಿ ಹೇಳುತ್ತದೆ. ಬೇರೆ ಸಾಧನಗಳ ಕೆಳಗೆ ನೋಡಿ, "ಕರ್ನೆಲ್ ಡ್ರೈವರ್ ಇನ್ ಯೂಸ್" ಅಂತ ಒಂದು ಸಾಲು, "ಕರ್ನೆಲ್ ಮಾಡ್ಯೂಲ್ಸ್" ಅಂತ ಇನ್ನೊಂದು ಸಾಲು ಇರುತ್ತವೆ. ಮೊದಲನೆಯದು ಈಗ ಯಾರು ಈ ಸಾಧನವನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನೋದು. ಎರಡನೆಯದು ಯಾರು ನೋಡಿಕೊಳ್ಳಬಲ್ಲರು ಅನ್ನೋದು ಮಾತ್ರ. ನಿಮ್ಮಲ್ಲಿ ಮೊದಲನೆಯದೇ ಇಲ್ಲ. ಅಂದರೆ ಡ್ರೈವರ್ ಡಿಸ್ಕಿನಲ್ಲಿದೆ, ಆದರೆ ಕಾರ್ಡನ್ನು ಹಿಡಿದುಕೊಂಡಿಲ್ಲ. ಎಲ್‌ಎಸ್‌ಎಚ್‌ಡಬ್ಲ್ಯು ಅನ್‌ಕ್ಲೇಮ್ಡ್ ಅಂದದ್ದೂ ಇದನ್ನೇ.

ಯಾಕೆ ಹಿಡಿದುಕೊಂಡಿಲ್ಲ ಅಂತ ಕರ್ನೆಲ್ ತನ್ನ ಲಾಗ್‌ನಲ್ಲಿ ಬರೆದಿಟ್ಟಿರುತ್ತದೆ:

ಸುಡೊ ಡಿಎಂಇಎಸ್‌ಜಿ | ಗ್ರೆಪ್ -ಐ ಫರ್ಮ್‌ವೇರ್

ನನ್ನ ಊಹೆ, ಅಲ್ಲಿ ಆರ್‌ಟಿಡಬ್ಲ್ಯು8821ಸಿ_ಎಫ್‌ಡಬ್ಲ್ಯು.ಬಿನ್ ಅನ್ನೋ ಫೈಲ್ ಲೋಡ್ ಆಗಲಿಲ್ಲ, ಎರರ್ -2 ಅಂತ ಇರುತ್ತದೆ. -2 ಅಂದರೆ ಆ ಹೆಸರಿನ ಫೈಲೇ ಇಲ್ಲ ಅಂತ. ಈ ಥರದ ಕಾರ್ಡ್‌ಗಳು ಆನ್ ಆದಾಗಲೆಲ್ಲ ಡ್ರೈವರ್ ಕೈಯಿಂದ ಫರ್ಮ್‌ವೇರ್ ತುಂಬಿಸಿಕೊಳ್ಳುತ್ತವೆ. ಡ್ರೈವರ್ ಕರ್ನೆಲ್ ಜೊತೆ ಬರುತ್ತದೆ, ಫರ್ಮ್‌ವೇರ್ ಬೇರೆ ಪ್ಯಾಕೇಜಿನಲ್ಲಿ ಬರುತ್ತದೆ. ಡೆಬಿಯನ್ ಆದರೆ ಫರ್ಮ್‌ವೇರ್-ರಿಯಲ್‌ಟೆಕ್, ಉಬುಂಟು ಆದರೆ ಲಿನಕ್ಸ್-ಫರ್ಮ್‌ವೇರ್. ಡೆಬಿಯನ್ 12ರಿಂದ, ಅಂದರೆ 2023ರಿಂದ, ಅಧಿಕೃತ ಇನ್‌ಸ್ಟಾಲರ್ ಜೊತೆಗೇ ಇಂಥ ಫರ್ಮ್‌ವೇರ್ ಬರುತ್ತದೆ. ಅದಕ್ಕಿಂತ ಹಳೆಯ ಇನ್‌ಸ್ಟಾಲರ್ ಬಳಸಿದ್ದರೆ ನೀವೇ ಹಾಕಬೇಕು, ರೆಪೊಸಿಟರಿ ಪಟ್ಟಿಯಲ್ಲಿ ನಾನ್-ಫ್ರೀ ವಿಭಾಗ ಸೇರಿಸಿದ ಮೇಲೆ.

ನೆಟ್ ಇಲ್ಲದೆ ಪ್ಯಾಕೇಜ್ ಹೇಗೆ ಅಂತ ಕೇಳುವ ಮೊದಲೇ ಹೇಳುತ್ತೇನೆ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಐಪಿ ಲಿಂಕ್ ಅಂತ ಕೊಟ್ಟರೆ ಹೊಸದೊಂದು ಇಂಟರ್‌ಫೇಸ್ ಕಾಣುತ್ತದೆ. ಅದಕ್ಕೆ ಡಿಎಚ್‌ಸಿಪಿ ಮೂಲಕ ವಿಳಾಸ ಸಿಕ್ಕರೆ ಸಾಕು, ಕೆಲಸ ನಡೆಯುತ್ತದೆ.

ಫರ್ಮ್‌ವೇರ್ ಹಾಕಿ ರೀಬೂಟ್ ಮಾಡಿದ ಮೇಲೂ ಕಾಣದಿದ್ದರೆ ಆರ್‌ಎಫ್‌ಕಿಲ್ ಲಿಸ್ಟ್ ನೋಡಿ. ಅಲ್ಲಿ ಹಾರ್ಡ್ ಬ್ಲಾಕ್ಡ್: ಯೆಸ್ ಅಂತ ಇದ್ದರೆ ಲ್ಯಾಪ್‌ಟಾಪಿನ ವೈಫೈ ಸ್ವಿಚ್ ಅಥವಾ ಕೀ ಆಫ್ ಆಗಿದೆ, ಕಮಾಂಡ್ ಹೊಡೆದು ಅದನ್ನು ತೆಗೆಯೋಕೆ ಆಗೋದಿಲ್ಲ.

ಇನ್ನೊಂದು_ಕಿಟಕಿ ಉತ್ತರ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಇದೇ ಕೆಲಸ ವಿಂಡೋಸ್ ಕಮಾಂಡ್ ಲೈನ್‌ನಲ್ಲಿ ಆಗುತ್ತಾ? ಆಫೀಸಿನಲ್ಲಿ ದೂರದ ಮೆಷಿನ್‌ಗಳನ್ನು ನೋಡಬೇಕು, ಡಿವೈಸ್ ಮ್ಯಾನೇಜರ್ ತೆರೆಯೋಕೆ ಆಗೋದಿಲ್ಲ. ಹಳೆಯ ಪೋಸ್ಟ್‌ಗಳಲ್ಲೆಲ್ಲ ಡಬ್ಲ್ಯುಎಂಐಸಿ ಅಂತಲೇ ಬರೆದಿದ್ದಾರೆ.

ಶಾರ್ಟ್‌ಕಟ್ ಉತ್ತರ:

ಡಬ್ಲ್ಯುಎಂಐಸಿ ಕಲಿಯೋಕೆ ಹೋಗಬೇಡಿ, ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತಿದೆ. ಪವರ್‌ಶೆಲ್‌ನಲ್ಲಿ ಗೆಟ್-ಪಿಎನ್‌ಪಿಡಿವೈಸ್ -ಪ್ರೆಸೆಂಟ್‌ಓನ್ಲಿ ಅಂತ ಕೊಡಿ. ಪ್ರೆಸೆಂಟ್‌ಓನ್ಲಿ ಬಿಟ್ಟರೆ ಯಾವತ್ತೋ ಚುಚ್ಚಿ ತೆಗೆದ ಪೆನ್‌ಡ್ರೈವ್‌ಗಳೆಲ್ಲ ಪಟ್ಟಿಗೆ ಬಂದು ಕೂರುತ್ತವೆ. ತೊಂದರೆ ಇರುವ ಸಾಧನಗಳು ಮಾತ್ರ ಬೇಕಾದರೆ ಪಿಎನ್‌ಪಿಯುಟಿಲ್ /ಎನಮ್-ಡಿವೈಸಸ್ /ಪ್ರಾಬ್ಲಮ್, ಇದು ವಿಂಡೋಸ್ 11ರಲ್ಲೂ 10ರ ಈಚಿನ ಆವೃತ್ತಿಗಳಲ್ಲೂ ಇದೆ. ಪ್ರಾಬ್ಲಮ್ ಕೋಡ್ 28 ಅಂತ ಬಂದರೆ ಡ್ರೈವರ್ ಹಾಕಿಲ್ಲ ಅಂತ ಅರ್ಥ.

ಹಳೇಕರ್ನೆಲ್ ಹೇಳಿದ ಕಂಪನಿ ನಂಬರ್, ಮಾಡೆಲ್ ನಂಬರ್ ಅಲ್ಲೂ ಅವೇ. ಇನ್‌ಸ್ಟೆನ್ಸ್ ಐಡಿಯಲ್ಲಿ ವಿಇಎನ್_10ಇಸಿ, ಡಿಇವಿ_ಸಿ821 ಅಂತ ಕಾಣುತ್ತದೆ. ವಿಂಡೋಸ್‌ನಲ್ಲಿ ಹೆಸರಿಲ್ಲದೆ ಹಳದಿ ಗುರುತು ಹೊತ್ತ ಸಾಧನ ಯಾವುದು ಅಂತ ಈ ನಂಬರಿನಿಂದಲೇ ಹಿಡಿಯಬಹುದು. ಮ್ಯಾಕ್‌ನವರಿಗೆ ಸಿಸ್ಟಮ್_ಪ್ರೊಫೈಲರ್ ಇದೆ, ಫ್ರೀಬಿಎಸ್‌ಡಿಯವರಿಗೆ ಪಿಸಿಐಕಾನ್ಫ್ -ಎಲ್‌ವಿ.

ಬರೀಟರ್ಮಿನಲ್ ಉತ್ತರ:

ಊಹೆ ಸರಿಯಾಗಿತ್ತು, ಎರರ್ -2 ಅಂತಲೇ ಇತ್ತು. ಫೋನಿನಿಂದ ನೆಟ್ ಕೊಟ್ಟು ಫರ್ಮ್‌ವೇರ್ ಹಾಕಿ ರೀಬೂಟ್ ಮಾಡಿದೆ. ಈಗ ಡ್ರೈವರ್ ಇನ್ ಯೂಸ್ ಸಾಲು ಬಂದಿದೆ, ವೈಫೈ ಓಡುತ್ತಿದೆ. ಟಚ್‌ಪ್ಯಾಡ್ ಮಾತ್ರ ಇನ್ನೂ ಯಾವ ಪಟ್ಟಿಯಲ್ಲೂ ಸಿಕ್ಕಿಲ್ಲ. ಅದು ಯಾವ ಬಸ್?

ಬೋರ್ಡ್‌ಪ್ರಿಯ ಉತ್ತರ:

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಸಲ ಐ2ಸಿ. ಅಲ್ಲಿ ಹಾಜರಿ ಕೂಗುವ ವ್ಯವಸ್ಥೆಯೇ ಇಲ್ಲ. ಇಂಥ ವಿಳಾಸದಲ್ಲಿ ಇಂಥ ಸಾಧನ ಇದೆ ಅಂತ ಮೊದಲೇ ಯಾರಾದರೂ ಹೇಳಿರಬೇಕು. ಪಿಸಿಗಳಲ್ಲಿ ಆ ಮಾಹಿತಿ ಬಯೋಸ್ ಕೊಡುವ ಎಸಿಪಿಐ ಕೋಷ್ಟಕದಲ್ಲಿ ಇರುತ್ತದೆ. ನೋಡಬೇಕಾದ ಫೈಲ್ ಇದು:

ಕ್ಯಾಟ್ /ಪ್ರೊಕ್/ಬಸ್/ಇನ್‌ಪುಟ್/ಡಿವೈಸಸ್

ಕೀಬೋರ್ಡ್, ಟಚ್‌ಪ್ಯಾಡ್, ಪವರ್ ಬಟನ್, ಮುಚ್ಚಳದ ಸ್ವಿಚ್ ಎಲ್ಲ ಇಲ್ಲಿ ಸಿಗುತ್ತವೆ. ಪ್ರತಿ ತುಂಡಿನ ಮೊದಲ ಸಾಲಿನಲ್ಲಿ ಬಸ್= ಅಂತ ಇರುತ್ತದೆ. 0018 ಇದ್ದರೆ ಐ2ಸಿ, 0003 ಇದ್ದರೆ ಯುಎಸ್‌ಬಿ, 0005 ಇದ್ದರೆ ಬ್ಲೂಟೂತ್, 0011 ಇದ್ದರೆ ಹಳೆಯ ಪಿಎಸ್/2 ಕಂಟ್ರೋಲರ್. ಹೊರಗಡೆ ಆ ಗುಂಡು ಪೋರ್ಟ್ ಇಲ್ಲದಿದ್ದರೂ ಎಷ್ಟೋ ಲ್ಯಾಪ್‌ಟಾಪ್‌ಗಳ ಕೀಬೋರ್ಡ್ ಇವತ್ತಿಗೂ 0011 ಅಂತಲೇ ತೋರಿಸುತ್ತದೆ.

ರಾಸ್‌ಬೆರಿ ಪೈ ಥರದ ಬೋರ್ಡ್‌ಗಳಲ್ಲಿ ಇದೇ ಕಥೆ ಇನ್ನೂ ದೊಡ್ಡದು. ಪೈ 4ರಲ್ಲಿ ಎಲ್‌ಎಸ್‌ಪಿಸಿಐ ಕೊಟ್ಟರೆ ಒಂದು ಬ್ರಿಡ್ಜ್ ಮತ್ತು ಒಂದು ಯುಎಸ್‌ಬಿ ಕಂಟ್ರೋಲರ್ ಬಿಟ್ಟರೆ ಏನೂ ಬರೋದಿಲ್ಲ. ಉಳಿದದ್ದೆಲ್ಲ ಚಿಪ್ಪಿನೊಳಗೇ ಇದೆ, ಅದರ ವಿವರ ಡಿವೈಸ್ ಟ್ರೀಯಲ್ಲಿ, ಅಂದರೆ /ಪ್ರೊಕ್/ಡಿವೈಸ್-ಟ್ರೀ ಕೆಳಗೆ ಸಿಗುತ್ತದೆ. ಅಲ್ಲಿ ಪಿಸಿಯ ಅಭ್ಯಾಸದಲ್ಲಿ ಹುಡುಕಿದರೆ ಬೋರ್ಡೇ ಕೆಟ್ಟಿದೆ ಅನ್ನಿಸುತ್ತದೆ.

ಸ್ಲಾಟ್‌ಖಾಲಿ ಉತ್ತರ:

ಎಲ್‌ಎಸ್‌ಯುಎಸ್‌ಬಿಯನ್ನು ಯಾರೂ -ಟಿ ಹಾಕಿ ನೋಡೋದೇ ಇಲ್ಲ, ನೋಡಬೇಕು. ಯಾವ ಸಾಧನ ಯಾವ ಹಬ್‌ನ ಯಾವ ಪೋರ್ಟಿನಲ್ಲಿ ಕೂತಿದೆ ಅಂತ ಮರದ ರೂಪದಲ್ಲಿ ಬರುತ್ತದೆ, ಸಾಲಿನ ಕೊನೆಯಲ್ಲಿ ವೇಗ ಇರುತ್ತದೆ. 5000ಎಂ ಅಂತ ಇರಬೇಕಾದ ಹೊರಗಿನ ಹಾರ್ಡ್ ಡಿಸ್ಕ್ 480ಎಂ ಅಂತ ತೋರಿಸಿದರೆ ಅದು ಯುಎಸ್‌ಬಿ 2 ವೇಗದಲ್ಲಿ ತೆವಳುತ್ತಿದೆ. ಪೋರ್ಟ್ ಅಥವಾ ಕೇಬಲ್ ಬದಲಾಯಿಸಿ ಮತ್ತೆ ನೋಡಿ. ಡಿಸ್ಕೇ ನಿಧಾನ ಅಂತ ಬೈದು ಹೊಸದು ಕೊಳ್ಳುವವರು ಜಾಸ್ತಿ. ಪಟ್ಟಿಯಲ್ಲಿ 1ಡಿ6ಬಿ ಅಂತ ಶುರುವಾಗುವ ಸಾಲುಗಳು ಕಂಡರೆ ಅವು ನೀವು ಚುಚ್ಚಿದ್ದಲ್ಲ, ಕರ್ನೆಲ್ ತಾನೇ ಇಟ್ಟುಕೊಂಡ ರೂಟ್ ಹಬ್‌ಗಳು.

ಮತ್ತೆ ಬರೀಟರ್ಮಿನಲ್ ಅವರೇ, ಡಿಎಂಐಡಿಕೋಡ್‌ನ ಪೂರ್ತಿ ಔಟ್‌ಪುಟ್ ಎಲ್ಲೂ ಹಾಗೇ ಅಂಟಿಸಬೇಡಿ. ಮೆಷಿನ್‌ನ ಸೀರಿಯಲ್ ನಂಬರ್, ಯುಯುಐಡಿ ಎಲ್ಲ ಅದರಲ್ಲಿರುತ್ತದೆ. ಎಲ್‌ಎಸ್‌ಎಚ್‌ಡಬ್ಲ್ಯುನಲ್ಲಿ ಮ್ಯಾಕ್ ವಿಳಾಸವೂ ಬರುತ್ತದೆ, ಅದಕ್ಕೆ -ಸ್ಯಾನಿಟೈಸ್ ಅಂತ ಆಯ್ಕೆ ಇದೆ. ಇನ್‌ಕ್ಸಿಯಲ್ಲಿ ಆ ಕೆಲಸ ಮಾಡೋದು ಶಾರ್ಟ್‌ಕಟ್ ಬರೆದ ಸಾಲಿನ ಕೊನೆಯ ಝಡ್.